ಟ್ರಾವೆಲ್ ಟ್ರೇಲರಿನ ಅಡಿಗೆಲಸ: ಬುಶ್, ಶ್ಯಾಕಲ್, ಬೋಲ್ಟ್ ಬದಲಾಯಿಸುವ ಕ್ರಮ

ನಮ್ಮೂರ ಲಾರಿ ಗ್ಯಾರೇಜುಗಳನ್ನು ನೋಡಿದವರಿಗೆ ಕಮಾನ್ ಪಟ್ಟಿ, ಶ್ಯಾಕಲ್ ಪಿನ್, ಗ್ರೀಸ್ ನಿಪ್ಪಲ್ ಹೊಸ ಮಾತಲ್ಲ. ಗಾಡಿ ಸರ್ವಿಸ್‌ಗೆ ನಿಂತಿತೆಂದರೆ ಹುಡುಗನೊಬ್ಬ ಗ್ರೀಸ್ ಗನ್ ಹಿಡಿದು ಅಡಿಗೆ ತೂರುತ್ತಾನೆ. ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಚಕ್ರದ ಮನೆ, ಕೊಂಡ ಕನ್ನಡಿಗರಿಗೆ ಹಾಗಾಗಿ ಅದರ ಅಡಿ ಇಣುಕಿದಾಗ ಅಚ್ಚರಿ ಕಾದಿರುತ್ತದೆ. ಕಮಾನು ಅದೇ, ಕಮಾನಿನ ತುದಿ ಹಿಡಿದು ತೂಗುವ ಶ್ಯಾಕಲ್ ಕೊಂಡಿ ಅದೇ, ಆದರೆ ಗ್ರೀಸ್ ಹೊಡೆಯುವ ನಿಪ್ಪಲ್ ಇಲ್ಲ. ಕಡಿಮೆ ಮತ್ತು ಮಧ್ಯಮ ಬೆಲೆಯ ಬಹುಪಾಲು ಟ್ರೇಲರ್‌ಗಳು ಕಾರ್ಖಾನೆಯಿಂದ ಬರುವುದೇ ನೈಲಾನ್ ಬುಶ್ (ಬೋಲ್ಟಿನ ಸುತ್ತ ಕೂರುವ ಕೊಳವೆ), ಒಣ ಬೋಲ್ಟ್ ಮತ್ತು ಕಾಲಿಂಚು ದಪ್ಪದ ಶ್ಯಾಕಲ್ ಪಟ್ಟಿಗಳೊಂದಿಗೆ. ಆ ಬುಶ್ ಕೆಲವೇ ಸಾವಿರ ಮೈಲಿಗಳಲ್ಲಿ ಸವೆಯಬಹುದು. ಅದು ಮುಗಿದ ಮೇಲೆ ಬೋಲ್ಟ್ ಸವೆಯುತ್ತದೆ, ಬೋಲ್ಟಿನ ನಂತರ ಫ್ರೇಮಿಗೆ ಬೆಸೆದ, ಕಮಾನನ್ನು ಹಿಡಿಯುವ ಹ್ಯಾಂಗರಿನ ತೂತು. ಬುಶ್ ಬದಲಿಸುವುದು ಮನೆಯಂಗಳದ ಕೆಲಸ. ಹ್ಯಾಂಗರಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿತೆಂದರೆ ವೆಲ್ಡರ್ ಬೇಕು.

ಕೆಲಸ ಶುರುಮಾಡುವ ಮೊದಲು ಒಂದು ವಿಷಯ ತಲೆಯಲ್ಲಿರಲಿ. ಬೋಲ್ಟ್ ತಿರುಗಬಾರದು. ಕಮಾನಿನ ಕಣ್ಣೊಳಗಿನ (ತುದಿಯಲ್ಲಿ ಸುರುಳಿ ಸುತ್ತಿದ ತೂತಿನೊಳಗಿನ) ಬುಶ್ ಮಾತ್ರ ಬೋಲ್ಟಿನ ಮೇಲೆ ತಿರುಗಬೇಕು. ಬೋಲ್ಟಿನ ತಲೆಯ ಕೆಳಗೆ ಸಣ್ಣ ಹಲ್ಲುಗಳ ಪಟ್ಟಿ ಇದೆಯಲ್ಲ, ಅದು ಇರುವುದು ಹ್ಯಾಂಗರ್ ಅಥವಾ ಶ್ಯಾಕಲ್ ಪಟ್ಟಿಯ ತೂತನ್ನು ಕಚ್ಚಿ ಹಿಡಿದು ಬೋಲ್ಟನ್ನು ಅಲುಗದಂತೆ ನಿಲ್ಲಿಸಲು. ಈ ಕೆಲಸದಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತನ್ನು ಮರೆತದ್ದರಿಂದಲೇ ಆಗುತ್ತವೆ.

ಮೊದಲು ಏನಿದೆ ಎಂದು ನೋಡಿ

ಇಲ್ಲಿ ಹೇಳುವುದು ಎರಡು ಆಕ್ಸಲ್‌ನ, ಎರಡೂ ತುದಿಯಲ್ಲಿ ಕಣ್ಣಿರುವ ಕಮಾನಿನ ವ್ಯವಸ್ಥೆಯ ಬಗ್ಗೆ. ಡೆಕ್ಸ್ಟರ್, ಲಿಪ್ಪರ್ಟ್ ಕಂಪನಿಗಳ ಆಕ್ಸಲ್‌ಗಳ ಮೇಲೆ ನಿಂತ ಟ್ರೇಲರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ರಬ್ಬರ್ ತುಂಬಿದ ಟಾರ್ಷನ್ ಆಕ್ಸಲ್ ಇದ್ದರೆ ಈ ಲೇಖನ ನಿಮಗಲ್ಲ. ಅಲ್ಲಿ ಕಮಾನೂ ಇಲ್ಲ, ಶ್ಯಾಕಲ್ಲೂ ಇಲ್ಲ.

ಒಂದು ಬದಿಯಲ್ಲಿ ಮುಂದಿನಿಂದ ಹಿಂದಕ್ಕೆ ಎಣಿಸುತ್ತ ಹೋಗಿ. ಮುಂದಿನ ಹ್ಯಾಂಗರಿನಲ್ಲಿ ಮುಂದಿನ ಕಮಾನಿನ ಮುಂಗಣ್ಣು ನೇರವಾಗಿ ಕೂತಿರುತ್ತದೆ, ಅಲ್ಲಿ ಒಂದು ಬೋಲ್ಟ್. ಅದೇ ಕಮಾನಿನ ಹಿಂಗಣ್ಣು ಶ್ಯಾಕಲ್ ಜೋಡಿಯ ಮೂಲಕ ಈಕ್ವಲೈಸರಿಗೆ (ಎರಡೂ ಆಕ್ಸಲಿಗೆ ಭಾರ ಹಂಚುವ ತೂಗುತುಂಡಿಗೆ) ಸೇರುತ್ತದೆ, ಅಲ್ಲಿ ಎರಡು. ಈಕ್ವಲೈಸರಿನ ನಡು ಮಧ್ಯದ ಹ್ಯಾಂಗರಿನಲ್ಲಿ, ಒಂದು. ಅಲ್ಲಿಂದ ಇನ್ನೊಂದು ಶ್ಯಾಕಲ್ ಜೋಡಿ ಹಿಂದಿನ ಕಮಾನಿನ ಮುಂಗಣ್ಣಿಗೆ, ಎರಡು. ಕೊನೆಗೆ ಹಿಂದಿನ ಹ್ಯಾಂಗರ್, ಒಂದು. ಬದಿಗೆ 7 ಬೋಲ್ಟ್, 4 ಶ್ಯಾಕಲ್ ಪಟ್ಟಿ. ಇಡೀ ಟ್ರೇಲರಿಗೆ 14 ಬೋಲ್ಟ್, 8 ಪಟ್ಟಿ, ಕಮಾನಿನ ಕಣ್ಣುಗಳಿಗೆ 8 ಬುಶ್. ಈಕ್ವಲೈಸರಿನ ಬುಶ್‌ಗಳು ಬೇರೆ. ಅವುಗಳ ಸಂಖ್ಯೆ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ನಿಮ್ಮದನ್ನು ನೋಡಿಯೇ ಎಣಿಸಿ.

ಸವೆತ ಗುರುತಿಸುವುದು ಕಷ್ಟವಲ್ಲ. ಟಾರ್ಚ್ ಹಿಡಿದು ಶ್ಯಾಕಲ್ ಪಟ್ಟಿಯ ಅಂಚು ನೋಡಿ. ತೂತಿನ ಸುತ್ತ ಹೊಳೆಯುವ ಲೋಹ, ಅದರ ಕೆಳಗೆ ಕೆಂಪು ಪುಡಿ ಇಳಿದ ಗೆರೆ ಇದ್ದರೆ ಬೋಲ್ಟ್ ಒಳಗೆ ತಿರುಗುತ್ತಿದೆ. ಹ್ಯಾಂಗರಿನ ಬೆಸುಗೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಒಡೆದಿದ್ದರೂ ತಂತಿ ಬ್ರಷ್ ಹಾಕಿ ಉಜ್ಜಿ ಪರೀಕ್ಷಿಸಿ. ಎರಡು ಆಕ್ಸಲ್‌ನ ಟ್ರೇಲರನ್ನು ಇಕ್ಕಟ್ಟಿನಲ್ಲಿ ತಿರುಗಿಸುವಾಗ ಟಯರ್‌ಗಳು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತವೆ. ಆ ಬಲವೆಲ್ಲ ಹ್ಯಾಂಗರನ್ನು ಪಕ್ಕಕ್ಕೆ ತಿರುಚುತ್ತದೆ. ಬಿರುಕು ಮೊದಲು ಕಾಣಿಸುವುದು ಅಲ್ಲೇ. ಒಂದು ಬದಿಯ ಎರಡು ಟಯರ್‌ಗಳ ನಡುವಿನ ಅಂತರ ಇನ್ನೊಂದು ಬದಿಗಿಂತ ಬೇರೆಯಿದ್ದರೂ ಅನುಮಾನ ಪಡಬೇಕು.

ಅಳತೆ ತೆಗೆಯದೆ ಆರ್ಡರ್ ಮಾಡಬೇಡಿ

ಬೋಲ್ಟ್ ಸಾಮಾನ್ಯವಾಗಿ 9/16 ಇಂಚಿನದು. ಕಮಾನಿನ ಅಗಲ 1¾ ಇಂಚು, ಕಣ್ಣಿನಿಂದ ಕಣ್ಣಿಗೆ ಭಾರವಿಲ್ಲದಾಗ ನೇರ ಅಳತೆ 25¼ ಇಂಚು ಎಂಬುದು ತುಂಬ ಪ್ರಚಲಿತ. ಆದರೆ ಇದೊಂದೇ ಅಳತೆ ಅಲ್ಲ, 26 ಇಂಚಿನವೂ ಇವೆ. ಶ್ಯಾಕಲ್ ಪಟ್ಟಿಯಲ್ಲಿ ತೂತಿನ ನಡುವಿನಿಂದ ತೂತಿನ ನಡುವಿಗೆ ಎಷ್ಟಿದೆ ಎಂದು ಅಳೆಯಿರಿ, 2¼ ಇಂಚಿನದು ಹೆಚ್ಚು ಸಿಗುತ್ತದೆ. ಹೊಸ ಪಟ್ಟಿ ದಪ್ಪವಿರಲಿ, ಉದ್ದ ಮಾತ್ರ ಬದಲಾಗಬಾರದು. ಉದ್ದದ ಶ್ಯಾಕಲ್ ಹಾಕಿ ಟ್ರೇಲರ್ ಎತ್ತರಿಸುವ ಐಡಿಯಾ ಯಾರಾದರೂ ಕೊಟ್ಟರೆ ನಯವಾಗಿ ಬಿಟ್ಟುಬಿಡಿ. ಕೋನ ಕೆಟ್ಟು ಈಕ್ವಲೈಸರ್ ಫ್ರೇಮಿಗೆ ಬಡಿಯುತ್ತದೆ.

ಈಕ್ವಲೈಸರನ್ನೂ ಬದಲಿಸುವುದಾದರೆ ಮುಂದಿನ ಮತ್ತು ಹಿಂದಿನ ಚಕ್ರದ ಹಬ್ ನಡುವಿನ ಅಂತರ ಬೇಕು. 33 ಇಂಚಿಗೊಂದು, 35 ಇಂಚಿಗೊಂದು ಎಂದು ಬೇರೆಬೇರೆ ಈಕ್ವಲೈಸರ್ ಇರುತ್ತವೆ. ಡೆಕ್ಸ್ಟರ್‌ನ ಈಜಿ ಫ್ಲೆಕ್ಸ್, ಮೋರೈಡ್‌ನ ಸಿಆರ್‌ಇ 3000 ಇವೆಲ್ಲ ನಡುವೆ ರಬ್ಬರ್ ಇಟ್ಟು ಹೊಡೆತ ಹೀರುವ ಈಕ್ವಲೈಸರ್‌ಗಳು. ಒಳಗಿನ ಪಾತ್ರೆಪಗಡೆ, ಕಪಾಟಿನ ಬಾಗಿಲುಗಳಿಗೆ ಖಂಡಿತ ನೆಮ್ಮದಿ. ಆದರೆ ಸವೆದ ಬುಶ್ ಉಳಿಸಿಕೊಂಡು ಈ ದುಬಾರಿ ಈಕ್ವಲೈಸರ್ ಹಾಕುವುದು ಹರಿದ ಚಪ್ಪಲಿಗೆ ಪಾಲಿಶ್ ಹೊಡೆದಂತೆ. ದುಡ್ಡು ಕಡಿಮೆಯಿದ್ದರೆ ಮೊದಲು ಕಂಚಿನ ಬುಶ್, ವೆಟ್ ಬೋಲ್ಟ್ (ನಿಪ್ಪಲ್ ಇದ್ದು ಒಳಗಿನಿಂದ ಗ್ರೀಸ್ ಹೋಗುವ ಬೋಲ್ಟ್), ದಪ್ಪ ಶ್ಯಾಕಲ್. ರಬ್ಬರ್ ಆಮೇಲೆ.

ಕಮಾನಿನ ವಿಷಯದಲ್ಲೊಂದು ಭ್ರಮೆ ಇದೆ. ಗಟ್ಟಿ ಕಮಾನು ಹಾಕಿದರೆ ಹೆಚ್ಚು ಸಾಮಾನು ಹೇರಬಹುದೆಂದು. ಆಗುವುದಿಲ್ಲ. ಆಕ್ಸಲ್, ಬೇರಿಂಗ್, ಬ್ರೇಕ್, ಟಯರ್, ರಿಮ್ ಇವುಗಳಲ್ಲಿ ಯಾವುದು ದುರ್ಬಲವೋ ಅದೇ ಮಿತಿ. 3,500 ಪೌಂಡಿನ ಆಕ್ಸಲಿಗೆ 1,750 ಪೌಂಡಿನ ಎರಡು ಕಮಾನು. ಉದಾಹರಣೆಗೆ 7,000 ಪೌಂಡಿನ ಟ್ರೇಲರಿನಲ್ಲಿ 800 ಪೌಂಡ್ ಹಿಚ್ ಮೇಲೆ, ಅಂದರೆ ಎಳೆಯುವ ಗಾಡಿಯ ಕೊಂಡಿಯ ಮೇಲೆ, ಕೂತರೆ ಆಕ್ಸಲ್‌ಗಳ ಪಾಲಿಗೆ 6,200, ಒಂದು ಆಕ್ಸಲಿಗೆ 3,100. ಟ್ರಕ್ ಸ್ಟಾಪಿನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲಿನಲ್ಲಿ ಪ್ರಯಾಣಕ್ಕೆ ಹೊರಟ ಸ್ಥಿತಿಯಲ್ಲೇ ಒಮ್ಮೆ ತೂಗಿಸಿ, ಆಮೇಲೆ ಕಮಾನು ಬೇಕೋ ಬೇಡವೋ ನಿರ್ಧರಿಸಿ. ಪಟ್ಟಿ ಒಡೆದಿದ್ದರೆ ಅಥವಾ ಬಾಗು ಕಳೆದುಕೊಂಡು ಚಪ್ಪಟೆಯಾಗಿದ್ದರೆ ಅದೇ ಸಾಮರ್ಥ್ಯದ ಹೊಸದನ್ನು ಹಾಕಿ, ಒಂದೇ ಬದಿಗೆ ಬೇಡ, ಆ ಆಕ್ಸಲಿನ ಎರಡೂ ಬದಿಗೆ.

ಸಾಮಾನು

ಎರಡು ಆಕ್ಸಲಿನ ವೆಟ್ ಬೋಲ್ಟ್ ಕಿಟ್ ಒಂದು: 14 ಗ್ರೀಸ್ ಬೋಲ್ಟ್, 14 ಲಾಕ್ ನಟ್, ಅರ್ಧ ಇಂಚು ದಪ್ಪದ 8 ಶ್ಯಾಕಲ್ ಪಟ್ಟಿ, ಕಂಚಿನ ಬುಶ್‌ಗಳು. ಎರಡು ಬುಶ್, ಎರಡು ನಟ್ ಹೆಚ್ಚಿಗೆ ತರಿಸಿಡಿ. ಒಂದು ಬುಶ್ ಆದರೂ ಸೊಟ್ಟ ಕೂರುತ್ತದೆ, ಅದಾಗುವುದು ಅಂಗಡಿ ಮುಚ್ಚಿದ ಭಾನುವಾರ ಸಂಜೆಯೇ. ಎನ್‌ಎಲ್‌ಜಿಐ 2 ದರ್ಜೆಯ (ಗ್ರೀಸಿನ ಗಟ್ಟಿತನದ ಅಳತೆ) ಲಿಥಿಯಂ ಕಾಂಪ್ಲೆಕ್ಸ್ ಗ್ರೀಸ್, ಗ್ರೀಸ್ ಗನ್, ತುಕ್ಕು ಹಿಡಿದ ಎಳೆಗಳೊಳಗೆ ನುಗ್ಗುವ ಎಣ್ಣೆ.

6 ಟನ್ನಿನ ಜ್ಯಾಕ್ ಸ್ಟ್ಯಾಂಡ್ ಎರಡು, ಬಾಟಲ್ ಜ್ಯಾಕ್ ಒಂದು, ಆಕ್ಸಲ್ ಹಿಡಿಯಲು ಫ್ಲೋರ್ ಜ್ಯಾಕ್ ಒಂದು. 13/16 ಮತ್ತು 7/8 ಇಂಚಿನ ಸಾಕೆಟ್, ಅದೇ ಅಳತೆಯ ಸ್ಪ್ಯಾನರ್, ಉದ್ದ ಹಿಡಿಕೆ, ಬಿಗಿತ ಅಳೆಯುವ ಟಾರ್ಕ್ ರೆಂಚ್, 3 ಪೌಂಡಿನ ಸುತ್ತಿಗೆ, ಬೋಲ್ಟ್ ಹೊಡೆದು ತಳ್ಳಲು ಹಿತ್ತಾಳೆ ಅಥವಾ ಮೆದು ಉಕ್ಕಿನ ಡ್ರಿಫ್ಟ್ ಸರಳು. ಬುಶ್ ಎಳೆಯಲು ಒಂದಡಿ ಉದ್ದದ ಅರ್ಧ ಇಂಚಿನ ಥ್ರೆಡ್ ರಾಡ್, ಅದಕ್ಕೆ ನಟ್, ದಪ್ಪ ವಾಷರ್. ಈ ರಾಡ್ ಅಗ್ಗದ ವಸ್ತು, ಆದರೆ ಅದಿಲ್ಲದೆ ಈ ಕೆಲಸಕ್ಕೆ ಇಳಿಯುವುದು ಬೇಡ. ಯಾಕೆಂದು ಮುಂದೆ ಬರುತ್ತದೆ.

ಎತ್ತುವುದು

ಸಮತಟ್ಟಾದ ಕಾಂಕ್ರೀಟ್ ಮೇಲೆ, ಟ್ರೇಲರನ್ನು ಎಳೆಯುವ ಗಾಡಿಗೆ ಜೋಡಿಸಿಯೇ ಇಡಿ. ಗಾಡಿಗೆ ಪಾರ್ಕಿಂಗ್ ಬ್ರೇಕ್. ಎತ್ತದ ಬದಿಯ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಅಡೆ. ನೀರಿನ ಟ್ಯಾಂಕ್‌ಗಳನ್ನು ಖಾಲಿ ಮಾಡಿ. ಸುಮ್ಮನೆ ನೂರಾರು ಪೌಂಡ್ ಎತ್ತುವುದೇಕೆ? ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ.

ಜ್ಯಾಕ್ ಇಡುವುದು ಫ್ರೇಮಿನ ಮುಖ್ಯ ತೊಲೆಗೆ, ಹ್ಯಾಂಗರಿನ ಪಕ್ಕದಲ್ಲಿ. ಆಕ್ಸಲ್ ಕೊಳವೆಗೆ ಜ್ಯಾಕ್ ಕೊಟ್ಟು ಟ್ರೇಲರ್ ಎತ್ತಬೇಡಿ. ಕೊಳವೆಗೆ ಕಾರ್ಖಾನೆಯಲ್ಲೇ ಸ್ವಲ್ಪ ಬಾಗು ಕೊಟ್ಟಿರುತ್ತಾರೆ, ಅದು ಕೆಟ್ಟರೆ ಟಯರ್ ಒಂದೇ ಅಂಚಿಗೆ ಸವೆಯಲು ಶುರು. ಮೂಲೆಗಳಲ್ಲಿರುವ ಕತ್ತರಿ ಕಾಲುಗಳೂ ಎತ್ತಲು ಅಲ್ಲ, ಅಲುಗಾಟ ತಡೆಯಲಷ್ಟೇ. ಮುಂದಿನ ಹ್ಯಾಂಗರಿನ ಮುಂದೆ ಒಂದು, ಹಿಂದಿನ ಹ್ಯಾಂಗರಿನ ಹಿಂದೆ ಒಂದು ಸ್ಟ್ಯಾಂಡ್ ಇಟ್ಟು ಭಾರ ಅವುಗಳ ಮೇಲೆ ಕೂರಿಸಿ. ಸ್ಟ್ಯಾಂಡ್ ಇಡುವ ಜಾಗದಲ್ಲಿ ಪ್ರೊಪೇನ್ ಪೈಪ್ ಹಾದುಹೋಗಿಲ್ಲ ಎಂದು ಕೈಯಾಡಿಸಿ ಖಚಿತಪಡಿಸಿಕೊಳ್ಳಿ. ಆಮೇಲೆ ಟ್ರೇಲರನ್ನು ಭುಜದಿಂದ ಜೋರಾಗಿ ತಳ್ಳಿ ನೋಡಿ. ಅಲುಗಾಡಿದರೆ ಈಗಲೇ ಗೊತ್ತಾಗಲಿ, ನೀವು ಅಡಿಯಲ್ಲಿ ಮಲಗಿರುವಾಗ ಅಲ್ಲ.

ಚಕ್ರ ತೆಗೆದ ಮೇಲೆ ಒಂದೊಂದು ಕೀಲನ್ನೂ ಎರಡು ಕೋನದಿಂದ ಫೋಟೋ ತೆಗೆಯಿರಿ. ಶ್ಯಾಕಲ್ ಯಾವ ಕಡೆ ವಾಲಿದೆ, ಈಕ್ವಲೈಸರಿನ ಯಾವ ಮುಖ ಮುಂದಿದೆ, ಬೋಲ್ಟಿನ ತಲೆ ಒಳಗೋ ಹೊರಗೋ ಎಲ್ಲ ಕಾಣಲಿ. ಬ್ರೇಕಿನ ವೈರ್ ಎಲ್ಲಿ ಬಿಗಿದಿದೆ ನೋಡಿ. ಆಕ್ಸಲ್ ಒಂದೆರಡು ಇಂಚು ಕೆಳಗಿಳಿದರೂ ಸಾಕು, ಎಳೆತಕ್ಕೆ ಜೋಡಣೆ ಕಿತ್ತು ಬರುತ್ತದೆ. ಆಮೇಲೆ ಒಂದು ಚಕ್ರದ ಬ್ರೇಕ್ ಹಿಡಿಯುವುದಿಲ್ಲ, ಕಾರಣ ಹುಡುಕುತ್ತ ಎರಡು ದಿನ ಹೋಗುತ್ತದೆ.

ಬಿಚ್ಚುವುದು

ಒಂದು ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಬದಿ ಮುಟ್ಟಬೇಡಿ. ಒಂದು ಬದಿಯಲ್ಲೂ ಎಲ್ಲ ಬೋಲ್ಟ್ ಒಟ್ಟಿಗೆ ತೆಗೆಯಬೇಡಿ. ಬರೀ ಬುಶ್ ಮತ್ತು ಬೋಲ್ಟ್ ಬದಲಿಸುವುದಾದರೆ ಯು ಬೋಲ್ಟ್ ಬಿಚ್ಚುವ ಅಗತ್ಯವೇ ಇಲ್ಲ, ಕಮಾನು ಆಕ್ಸಲಿಗೆ ಅಂಟಿಕೊಂಡೇ ಇರಲಿ.

ಮೊದಲು ನಡು ಭಾಗ: ಎರಡೂ ಶ್ಯಾಕಲ್ ಜೋಡಿ ಮತ್ತು ಈಕ್ವಲೈಸರ್. ಮುಂದಿನ, ಹಿಂದಿನ ಹ್ಯಾಂಗರಿನ ಬೋಲ್ಟ್‌ಗಳು ಆಕ್ಸಲನ್ನು ಜಾಗದಲ್ಲಿ ಹಿಡಿದಿರುತ್ತವೆ. ಫ್ಲೋರ್ ಜ್ಯಾಕನ್ನು ಕಮಾನು ಕೂರುವ ಜಾಗದ ಕೆಳಗಿಟ್ಟು ಆಕ್ಸಲಿನ ಸ್ವಂತ ಭಾರವನ್ನು ಮಾತ್ರ ಹಿಡಿಯಿರಿ.

ನಟ್ ಬಿಚ್ಚುವಾಗ ಬೋಲ್ಟಿನ ತಲೆಯನ್ನು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು ನಟ್ ಮಾತ್ರ ತಿರುಗಿಸಿ. ತಲೆ ತಿರುಗಿಸಿದರೆ ಆ ಹಲ್ಲುಗಳು ಹ್ಯಾಂಗರಿನ ತೂತನ್ನು ಅರೆಯುತ್ತವೆ. ಹೊಸ ಬೋಲ್ಟ್ ಕಚ್ಚಬೇಕಾದದ್ದು ಇದೇ ತೂತನ್ನು. ಇಂಪ್ಯಾಕ್ಟ್ ಗನ್ ಕೈಯಲ್ಲಿದ್ದಾಗ ಈ ತಪ್ಪು ಎರಡು ಸೆಕೆಂಡಿನ ಕೆಲಸ.

ನಟ್ ಪೂರ್ತಿ ತೆಗೆಯದೆ ಬೋಲ್ಟಿನ ತುದಿಗೆ ಸಮವಾಗಿ ನಿಲ್ಲಿಸಿ ಅದರ ಮೇಲೆ ಸುತ್ತಿಗೆಯಿಂದ ಹೊಡೆಯಿರಿ. ಹಲ್ಲುಗಳು ಬಿಟ್ಟವೆಂದರೆ ನಟ್ ತೆಗೆದು ಡ್ರಿಫ್ಟಿನಿಂದ ತಳ್ಳಿ. ಬೋಲ್ಟ್ ಬರದೆ ಹಟ ಹಿಡಿದರೆ ಸುತ್ತಿಗೆಯ ಗಾತ್ರ ಹೆಚ್ಚಿಸಬೇಡಿ, ಫ್ಲೋರ್ ಜ್ಯಾಕನ್ನು ಕೂದಲೆಳೆಯಷ್ಟು ಏರಿಸಿ, ಇಳಿಸಿ. ಭಾರ ಪೂರ್ತಿ ತೆಗೆದ ಆ ಒಂದು ಬಿಂದುವಿನಲ್ಲಿ ಬೋಲ್ಟ್ ಬೆರಳಿನಿಂದಲೇ ಜಾರುತ್ತದೆ.

ಹೊರಬಂದ ಹಳೆಯ ಬೋಲ್ಟನ್ನು ಒರೆಸಿ ಬೆಳಕಿಗೆ ಹಿಡಿಯಿರಿ. ಒಂದು ಪಕ್ಕ ಹೊಸದರಂತೆ ದುಂಡಗೆ, ಇನ್ನೊಂದು ಪಕ್ಕದಲ್ಲಿ ಬುಶ್ ಕೂತಿದ್ದ ಅಗಲಕ್ಕೆ ಸರಿಯಾಗಿ ಮೆಟ್ಟಿಲು ಕೊರೆದಂತೆ ತಗ್ಗು. ಬೆರಳುಗುರು ಅದರ ಅಂಚಿಗೆ ತಡೆಯುತ್ತದೆ. ನೈಲಾನ್ ಬುಶ್ ಒಂದು ಕಡೆ ಕಾಗದದಷ್ಟು ತೆಳುವಾಗಿರುತ್ತದೆ, ಕೆಲವೊಮ್ಮೆ ಆ ಕಡೆ ಏನೂ ಉಳಿದಿರುವುದಿಲ್ಲ. ಆ ತಗ್ಗು ಯಾವಾಗಲೂ ಭಾರ ಬೀಳುವ ಪಕ್ಕದಲ್ಲೇ ಇರುತ್ತದೆ. ಯಾವ ಪಕ್ಕವೆಂದು ನೆನಪಿಡಿ, ಗ್ರೀಸ್ ತೂತಿನ ದಿಕ್ಕು ನಿರ್ಧರಿಸಲು ಬೇಕಾಗುತ್ತದೆ.

ಈಗ ಹ್ಯಾಂಗರಿನ ತೂತು. ಹೊಸ ಬೋಲ್ಟಿನ ನುಣುಪು ಭಾಗವನ್ನು ತೂರಿಸಿ ಅಲುಗಾಡಿಸಿ. ಸ್ವಲ್ಪ ಸಡಿಲವಿದ್ದರೆ ಸಹಜ. ತೂತು ಕಣ್ಣಿಗೆ ಕಾಣುವಷ್ಟು ಉದ್ದವಾಗಿದ್ದರೆ, ಅಥವಾ ಹಲ್ಲುಗಳು ಕಚ್ಚದೆ ಬೋಲ್ಟ್ ಕೈಯಲ್ಲೇ ಒಳಗಿಳಿದರೆ, ಕೆಲಸ ಅಲ್ಲಿಗೆ ನಿಲ್ಲಿಸಿ. ಹ್ಯಾಂಗರ್ ಬದಲಿಸಬೇಕು ಅಥವಾ ಅನುಭವಿ ವೆಲ್ಡರ್ ಸರಿಯಾದ ತೂತಿನ ದಪ್ಪ ಬಿಲ್ಲೆಯನ್ನು ಅದರ ಮೇಲೆ ಬೆಸೆಯಬೇಕು. ಬೆಸೆಯುವ ಮುನ್ನ ಬ್ಯಾಟರಿ ಕಳಚಿ, ಗಾಡಿಯ ಏಳು ಪಿನ್ನಿನ ಪ್ಲಗ್ ಎಳೆದು, ಪ್ರೊಪೇನ್ ಸಿಲಿಂಡರ್ ಮುಚ್ಚಿ. ಅರ್ತ್ ಕ್ಲ್ಯಾಂಪ್ ಹ್ಯಾಂಗರಿನ ಪಕ್ಕದಲ್ಲೇ ಹಾಕಿಸಿ. ಅದನ್ನು ಹಬ್ಬಿಗೋ ಡ್ರಮ್ಮಿಗೋ ಹಾಕಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಮೈಗೆ ಗುಳಿ ಬೀಳುತ್ತದೆ. ಅಡಿಯ ಪ್ಲಾಸ್ಟಿಕ್ ಹೊದಿಕೆ ಬೆಂಕಿ ಹಿಡಿಯುವಂಥದ್ದು, ಆ ಭಾಗದಲ್ಲಿ ಇಳಿಸಿಟ್ಟುಕೊಳ್ಳಿ.

ಬುಶ್ ಕೂರಿಸುವುದು

ಹಳೆಯ ನೈಲಾನ್ ಬುಶ್ಶನ್ನು ಡ್ರಿಫ್ಟಿನಿಂದ ಹೊಡೆದು ತೆಗೆಯಬಹುದು, ಹಟ ಮಾಡಿದರೆ ಹ್ಯಾಕ್ಸಾ ಬ್ಲೇಡಿನಿಂದ ಒಳಗಿನಿಂದ ಉದ್ದಕ್ಕೆ ಸೀಳಿ. ಕಣ್ಣಿನ ಒಳಗೋಡೆಯನ್ನು ದುಂಡು ತಂತಿ ಬ್ರಷ್‌ನಿಂದ ತುಕ್ಕು ಹೋಗುವ ತನಕ ಉಜ್ಜಿ. ಕಮಾನಿನ ಪಟ್ಟಿ ಸುರುಳಿ ಸುತ್ತಿ ಕಣ್ಣಾಗುವ ಜಾಗದಲ್ಲಿ ಒಂದು ಸಂದು ಇರುತ್ತದೆ. ಅದರ ಅಂಚು ಒಳಕ್ಕೆ ಚಾಚಿದ್ದರೆ ಅರದಿಂದ ನುಣುಪು ಮಾಡಿ. ಕಂಚು ಮೆದು, ಆ ಅಂಚು ಹೊಸ ಬುಶ್ಶಿನ ಮೈ ಕೆರೆದುಹಾಕುತ್ತದೆ.

ಥ್ರೆಡ್ ರಾಡ್ ಇಲ್ಲಿ ಬೇಕು. ಕಂಚಿನ ಬುಶ್ಶನ್ನು ಸುತ್ತಿಗೆಯಿಂದ ಹೊಡೆದರೆ ಅಂಚು ಅಣಬೆಯಂತೆ ಅರಳುತ್ತದೆ, ಒಳವ್ಯಾಸ ಕಿರಿದಾಗಿ ಬೋಲ್ಟ್ ತೂರುವುದಿಲ್ಲ. ಅದರ ಬದಲು ಬುಶ್ಶನ್ನು ರಾತ್ರಿಯಿಡೀ ಫ್ರೀಜರಿನಲ್ಲಿಡಿ. ಬೆಳಿಗ್ಗೆ ರಾಡನ್ನು ಕಣ್ಣಿನೊಳಗೆ ತೂರಿಸಿ, ಒಂದು ಪಕ್ಕದಲ್ಲಿ ಬುಶ್ಶಿಗಿಂತ ಅಗಲ ಬಾಯಿಯ ಸಾಕೆಟ್, ವಾಷರ್, ನಟ್. ಇನ್ನೊಂದು ಪಕ್ಕದಲ್ಲಿ ಬುಶ್, ಅದರ ಮೇಲೆ ಚಪ್ಪಟೆ ವಾಷರ್, ನಟ್. ಬುಶ್ಶಿನ ಮೈಗೆ ಒಂದು ತೊಟ್ಟು ಎಣ್ಣೆ ಸವರಿ ನಟ್ ತಿರುಗಿಸುತ್ತ ಹೋಗಿ. ಮೊದಲ ಕಾಲಿಂಚು ನೆಟ್ಟಗೆ ಹೋಯಿತೆಂದರೆ ಉಳಿದದ್ದು ತಾನಾಗಿ ಹೋಗುತ್ತದೆ. ಸೊಟ್ಟಗಿದೆ ಎನಿಸಿದರೆ ಹೊರಗೆಳೆದು ಮತ್ತೆ ಶುರುಮಾಡಿ, ಬಲ ಹಾಕಿ ನೆಟ್ಟಗೆ ಮಾಡಲು ಹೋಗಬೇಡಿ.

ಬುಶ್ ಎರಡೂ ಕಡೆ ಕಣ್ಣಿನ ಅಂಚಿಗೆ ಸಮವಾಗಿರಲಿ. ಬೋಲ್ಟ್ ತೂರಿಸಿ ನೋಡಿ, ಅಂಗೈಯಿಂದ ತಳ್ಳಿದರೆ ಹೋಗಬೇಕು. ಹೋಗದಿದ್ದರೆ ತೂತು ನುಣುಪಾಗಿ ಹಿಗ್ಗಿಸುವ 9/16 ಇಂಚಿನ ರೀಮರಿನಿಂದ ಒಳಮೈ ಚೂರು ಸವರಿ.

ಜೋಡಿಸುವುದು

ಮೊದಲು ಎಲ್ಲವನ್ನೂ ನಟ್ ಬಿಗಿಯದೆ ಕೈಯಲ್ಲೇ ಜೋಡಿಸಿ ನೋಡಿ. ಕಿಟ್ಟಿನಲ್ಲಿ ಎರಡು ಉದ್ದದ ಬೋಲ್ಟ್ ಇರಬಹುದು. ದಪ್ಪ ಶ್ಯಾಕಲ್ ಜೋಡಿಯೇ ಒಂದು ಇಂಚು ತಿನ್ನುವುದರಿಂದ ಅಲ್ಲಿಗೆ ಉದ್ದದ್ದು ಬೇಕಾಗುತ್ತದೆ. ನಟ್ ಪೂರ್ತಿ ಕೂತ ಮೇಲೆ ಒಂದೆರಡು ಎಳೆ ಹೊರಗೆ ಕಾಣಬೇಕು. ನಿಪ್ಪಲ್ ಬೋಲ್ಟಿನ ತಲೆಯಲ್ಲಿರುತ್ತದೆ, ಹಾಗಾಗಿ ತಲೆ ಎತ್ತ ಇರಬೇಕೆಂಬುದನ್ನು ಗ್ರೀಸ್ ಗನ್ನಿನ ಬಾಯಿ ಹಿಡಿದು ಅಲ್ಲಲ್ಲೇ ತೀರ್ಮಾನಿಸಿ. ಸಾಧಾರಣವಾಗಿ ಹೊರಮುಖ ಅನುಕೂಲ. ಟಯರಿಗೆ ತಾಗುವಂತಿದ್ದರೆ ಒಳಮುಖ.

ಗ್ರೀಸ್ ಹೊರಬರುವ ತೂತು ಬೋಲ್ಟಿನ ಮೈಯಲ್ಲಿ ಒಂದು ಕಡೆ ಇರುತ್ತದೆ. ಹ್ಯಾಂಗರಿನಲ್ಲಿ ಟ್ರೇಲರಿನ ಭಾರ ಬೋಲ್ಟನ್ನು ಕೆಳಗೆ ಒತ್ತುತ್ತದೆ, ಹಾಗಾಗಿ ಬೋಲ್ಟಿನ ಕೆಳಮೈ ಬುಶ್ಶಿಗೆ ಅಂಟಿ ಕೂತಿರುತ್ತದೆ. ತೂತು ಅಲ್ಲಿದ್ದರೆ ಗ್ರೀಸಿಗೆ ದಾರಿಯೇ ಇಲ್ಲ. ಗಡಿಯಾರದ ಮುಖವೆಂದುಕೊಂಡರೆ ತೂತು 3 ಅಥವಾ 9 ಗಂಟೆಯ ಕಡೆ ಇರಲಿ. ಶ್ಯಾಕಲ್ ಓರೆಯಾಗಿ ನಿಲ್ಲುವುದರಿಂದ ಅಲ್ಲಿ ಪಟ್ಟಿಯ ಉದ್ದಕ್ಕೆ ಅಡ್ಡವಾಗಿ. ಬೋಲ್ಟಿನ ತಲೆಯ ಮೇಲೆ ತೂತಿನ ದಿಕ್ಕಿಗೆ ಪೇಂಟ್ ಪೆನ್ನಿನಿಂದ ಗೆರೆ ಎಳೆದುಕೊಂಡರೆ ಒಳಗೆ ಹೋದ ಮೇಲೂ ಗೊಂದಲವಿಲ್ಲ. ಹಲ್ಲು ಕಚ್ಚಿದ ಮೇಲೆ ದಿಕ್ಕು ಬದಲಿಸಲಾಗದು.

ಹಲ್ಲು ಕೂರಿಸುವಾಗ ಹೊಸ ಲಾಕ್ ನಟ್ ಬಳಸಬೇಡಿ. ಹಳೆಯ ಸಾದಾ ನಟ್ ಮತ್ತು ವಾಷರ್ ಹಾಕಿ, ತಲೆ ತಿರುಗದಂತೆ ಹಿಡಿದು, ನಟ್ ತಿರುಗಿಸಿ ಬೋಲ್ಟನ್ನು ಎಳೆದುಕೊಳ್ಳಿ. ನಡುನಡುವೆ ತಲೆಯ ಅಂಚಿಗೆ ಸುತ್ತಿಗೆಯ ಸಣ್ಣ ಪೆಟ್ಟು, ನಿಪ್ಪಲ್ಲಿಗೆ ತಾಗದಂತೆ. ತಲೆ ಹ್ಯಾಂಗರಿಗೆ ಅಂಟಿ ಕೂತ ಮೇಲೆ ಹಳೆಯ ನಟ್ ತೆಗೆದು ಲಾಕ್ ನಟ್ ಹಾಕಿ. ಲಾಕ್ ನಟ್ ಒಮ್ಮೆ ಬಿಗಿದದ್ದನ್ನು ಮತ್ತೆ ಬಳಸುವುದು ಬೇಡ.

ಬಿಗಿತದ ವಿಷಯಕ್ಕೆ ಬಂದರೆ, ಇಲ್ಲಿ ಬಲಶಾಲಿಗಳೇ ಹೆಚ್ಚು ಹಾಳು ಮಾಡುವುದು. ಭುಜವಿರುವ (ಎಳೆಗಿಂತ ದಪ್ಪ ಮೈಯ ಮೆಟ್ಟಿಲು ನಟ್ಟನ್ನು ತಡೆಯುವ) ಶ್ಯಾಕಲ್ ಬೋಲ್ಟಿಗೆ 30ರಿಂದ 50 ಫುಟ್-ಪೌಂಡ್. ಭುಜವಿಲ್ಲದ ಸಾದಾ ಬೋಲ್ಟಾದರೆ ನಟ್ ತಾಗಿ ಕೂರುವಷ್ಟು ಮಾತ್ರ. ಅದನ್ನು ಹಿಡಿದಿಡುವುದು ಲಾಕ್ ನಟ್ಟೇ ಹೊರತು ಬಿಗಿತವಲ್ಲ. ಅತಿ ಬಿಗಿದರೆ ಹ್ಯಾಂಗರಿನ ಎರಡು ಗೋಡೆಗಳು ಕಮಾನಿನ ಕಣ್ಣನ್ನು ಹಿಚುಕಿ ಹಿಡಿಯುತ್ತವೆ. ಕಣ್ಣು ತಿರುಗಲಾರದೆ ಬೋಲ್ಟನ್ನೇ ತಿರುಚುತ್ತದೆ, ಹಲ್ಲು ಜಾರುತ್ತದೆ, ತೂತು ಸವೆಯುತ್ತದೆ. ಬಿಗಿದ ಮೇಲೆ ಶ್ಯಾಕಲನ್ನು ಕೈಯಿಂದಲೋ ಸಣ್ಣ ಸನ್ನೆಗೋಲಿನಿಂದಲೋ ಆಡಿಸಿ ನೋಡಿ, ಆಡಲೇಬೇಕು.

ಶ್ಯಾಕಲ್ ತಲೆಕೆಳಗಾಗಿ ನಿಲ್ಲದಂತೆ ಎಚ್ಚರ. ಫೋಟೋ ತೆಗೆದದ್ದು ಇದಕ್ಕೇ. ಭಾರ ಬಿದ್ದಾಗ ಶ್ಯಾಕಲ್ ಎಳೆತದಲ್ಲಿ ಇರಬೇಕು, ಅಂದರೆ ಕಮಾನಿನ ಕಣ್ಣು ಪಟ್ಟಿಯ ಮೇಲ್ತುದಿಯಲ್ಲಿ, ಈಕ್ವಲೈಸರಿನ ತುದಿ ಕೆಳತುದಿಯಲ್ಲಿ. ಚಕ್ರ ಗಾಳಿಯಲ್ಲಿ ತೂಗಾಡುವಾಗ ಈಕ್ವಲೈಸರ್ ವಾಲಿ ಶ್ಯಾಕಲ್ ಮಗುಚಿಕೊಳ್ಳುವುದುಂಟು. ಹಾಗೇ ಇಳಿಸಿದರೆ ಒಂದು ಆಕ್ಸಲ್ ಪೂರ್ತಿ ಭಾರ ಹೊರುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಇಳಿಸುವಾಗ ಒಬ್ಬರು ಜ್ಯಾಕ್ ಹತ್ತಿರ, ಇನ್ನೊಬ್ಬರು ದೂರದಿಂದ ಟಾರ್ಚ್ ಹಿಡಿದು ಶ್ಯಾಕಲನ್ನೇ ನೋಡುತ್ತಿರಲಿ.

ನಡು ಭಾಗ ಮುಗಿದ ಮೇಲೆ ಮುಂದಿನ ಹ್ಯಾಂಗರಿನ ಬೋಲ್ಟ್, ಅದು ಕೂತ ಮೇಲೆ ಹಿಂದಿನದು. ಕಣ್ಣು ಹ್ಯಾಂಗರಿನಿಂದ ಜಾರಿದಾಗ ಆಕ್ಸಲ್ ಸ್ವಲ್ಪ ಉರುಳುತ್ತದೆ, ಫ್ಲೋರ್ ಜ್ಯಾಕ್ ತೆಗೆಯಬೇಡಿ. ತೂತುಗಳು ಒಂದಕ್ಕೊಂದು ಸಾಲಾಗಿವೆಯೇ ಎಂದು ಸ್ಕ್ರೂಡ್ರೈವರ್ ತೂರಿಸಿ ನೋಡಿ, ಬೆರಳು ಹಾಕಿ ಅಲ್ಲ.

ಕಮಾನನ್ನೂ ಬದಲಿಸುತ್ತಿದ್ದರೆ

ಯು ಬೋಲ್ಟ್ ಬಿಚ್ಚಿದರೆ ಹೊಸದೇ ಹಾಕಬೇಕು. ಒಮ್ಮೆ ಹಿಗ್ಗಿದ ಎಳೆ ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಕಮಾನಿನ ನಡುವಿನ ಬೋಲ್ಟಿನ ತಲೆ ಆಕ್ಸಲಿನ ಪೀಠದ ತೂತಿನಲ್ಲಿ ಸರಿಯಾಗಿ ಕೂರಬೇಕು. ಕೂರದೆ ಯು ಬೋಲ್ಟ್ ಬಿಗಿದರೆ ಆಕ್ಸಲ್ ಓರೆ. ನಾಲ್ಕು ನಟ್‌ಗಳನ್ನು ಕರ್ಣದ ಕ್ರಮದಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಅರ್ಧ ಇಂಚಿನ ಯು ಬೋಲ್ಟಿಗೆ 45ರಿಂದ 70 ಫುಟ್-ಪೌಂಡ್ ಎಂಬುದು ಡೆಕ್ಸ್ಟರ್ ಕೊಡುವ ಅಳತೆ. ಬೇರೆ ಕಂಪನಿಯ ಆಕ್ಸಲಾದರೆ ಅದರ ಕೈಪಿಡಿಯಲ್ಲಿರುವುದೇ ಅಂತಿಮ.

ಗ್ರೀಸ್, ಚಕ್ರ, ಅಳತೆ

ಭಾರ ಇನ್ನೂ ಸ್ಟ್ಯಾಂಡಿನ ಮೇಲಿರುವಾಗಲೇ ಗ್ರೀಸ್ ಹೊಡೆಯಿರಿ. ಕಣ್ಣಿನ ಎರಡೂ ಅಂಚಿನಿಂದ ತೆಳು ಗೆರೆಯಂತೆ ಹೊರಬಂದರೆ ಸಾಕು. ಯಾವುದಾದರೂ ನಿಪ್ಪಲ್ ಗ್ರೀಸ್ ತೆಗೆದುಕೊಳ್ಳದಿದ್ದರೆ ಆಕ್ಸಲಿನ ಕೆಳಗಿನ ಜ್ಯಾಕನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ ಮತ್ತೆ ಪ್ರಯತ್ನಿಸಿ. ಆಗಲೂ ಹೋಗದಿದ್ದರೆ ನಿಪ್ಪಲ್ ಬಿಚ್ಚಿ ತಂತಿಯಿಂದ ದಾರಿ ಬಿಡಿಸಿ. ಕೆಲವೊಮ್ಮೆ ಲೋಹದ ಚೂರು ಒಳಗೇ ಉಳಿದಿರುತ್ತದೆ.

ಅರ್ಧ ಇಂಚಿನ ಸ್ಟಡ್ಡಿನ ಚಕ್ರದ ನಟ್‌ಗಳನ್ನು ನಕ್ಷತ್ರದ ಕ್ರಮದಲ್ಲಿ ಮೂರು ಹಂತದಲ್ಲಿ ಬಿಗಿಯಬೇಕು: ಮೊದಲು 20ರಿಂದ 25, ನಂತರ 50ರಿಂದ 60, ಕೊನೆಗೆ 90ರಿಂದ 120 ಫುಟ್-ಪೌಂಡ್ ನಡುವೆ ನಿಮ್ಮ ರಿಮ್ಮಿಗೆ ಹೇಳಿದಷ್ಟು.

ಎರಡೂ ಬದಿ ಮುಗಿದ ಮೇಲೆ ಟ್ರೇಲರನ್ನು ನೇರವಾಗಿ ಹತ್ತಿಪ್ಪತ್ತು ಅಡಿ ಮುಂದೆ ಎಳೆದು ನಿಲ್ಲಿಸಿ, ಕಮಾನುಗಳು ತಮ್ಮ ಜಾಗ ಹಿಡಿಯಲಿ. ಹಿಚ್ಚಿನ ಬಾಲ್ ಕೂರುವ ಬಿಂದುವಿನಿಂದ ಮುಂದಿನ ಆಕ್ಸಲಿನ ಎಡತುದಿಗೆ ಮತ್ತು ಬಲತುದಿಗೆ ಟೇಪ್ ಹಿಡಿಯಿರಿ. ಎರಡರ ವ್ಯತ್ಯಾಸ 1/8 ಇಂಚಿನೊಳಗಿರಲಿ. ಹಬ್ಬಿನಿಂದ ಹಬ್ಬಿಗೆ ಎಡಬದಿ, ಬಲಬದಿ ಎರಡೂ ಅಳೆಯಿರಿ. ವ್ಯತ್ಯಾಸ ಹೆಚ್ಚಿದ್ದರೆ ಹೊಸ ಬುಶ್ಶಿನ ತಪ್ಪಲ್ಲ, ಹ್ಯಾಂಗರ್ ಬಾಗಿದೆ ಅಥವಾ ಮೊದಲೇ ಓರೆ ಬೆಸೆದಿದ್ದಾರೆ. ಸವೆದ ಬುಶ್ ಅಷ್ಟು ದಿನ ಅದನ್ನು ಮುಚ್ಚಿಟ್ಟಿತ್ತು.

ಕೊನೆಗೆ ಪೇಂಟ್ ಪೆನ್ ತೆಗೆದು ಪ್ರತಿ ಬೋಲ್ಟಿಗೆ ಎರಡು ಗೆರೆ ಎಳೆಯಿರಿ. ಒಂದು ನಟ್ಟಿನಿಂದ ಬೋಲ್ಟಿನ ತುದಿಗೆ, ಇನ್ನೊಂದು ಬೋಲ್ಟಿನ ತಲೆಯಿಂದ ಹ್ಯಾಂಗರ್ ಅಥವಾ ಶ್ಯಾಕಲ್ ಪಟ್ಟಿಗೆ. 10, 25, 50 ಮೈಲಿಗಳಲ್ಲಿ ಚಕ್ರದ ನಟ್ ಮತ್ತೆ ಬಿಗಿಯಲು ನಿಲ್ಲಿಸಲೇಬೇಕು, ಆಗ ಇವನ್ನೂ ಬಗ್ಗಿ ನೋಡಿ. ನಟ್ಟಿನ ಗೆರೆ ಸರಿದಿದ್ದರೆ ಲಾಕ್ ನಟ್ ಹಿಡಿಯುತ್ತಿಲ್ಲ, ಹೊಸದು ಹಾಕಿದರೆ ಮುಗಿಯಿತು. ತಲೆಯ ಗೆರೆ ಸರಿದಿದ್ದರೆ ಬೋಲ್ಟ್ ತೂತಿನೊಳಗೆ ತಿರುಗುತ್ತಿದೆ. ಮನೆಗೆ ನಿಧಾನವಾಗಿ ಬಂದು ಆ ಒಂದು ಕೀಲನ್ನು ಮತ್ತೆ ಬಿಚ್ಚಿ, ಬಿಗಿತ ಹೆಚ್ಚಾಗಿತ್ತೋ ತೂತೇ ಸವೆದಿತ್ತೋ ನೋಡಿ.